ಶೇ 16 ಎಂಬ ಸಮಾಧಾನದ ಅಂಕಿ: ಸಿಸಿಲಿಯನ್‌ಗಳ ಬಗ್ಗೆ ನಮಗೆ ಎಷ್ಟು ಗೊತ್ತು?

ಜಗತ್ತಿನ ಉಭಯವಾಸಿಗಳ ಸ್ಥಿತಿಗತಿ ಕುರಿತ ಎರಡನೇ ಸಮಗ್ರ ಮೌಲ್ಯಮಾಪನ 2023ರಲ್ಲಿ ಪ್ರಕಟವಾಯಿತು. ಎಂಟು ಸಾವಿರಕ್ಕೂ ಹೆಚ್ಚು ಪ್ರಭೇದಗಳನ್ನು ಪರಿಶೀಲಿಸಿದ ಆ ಅಧ್ಯಯನದ ಪ್ರಕಾರ ಶೇ 40.7ರಷ್ಟು ಉಭಯವಾಸಿಗಳು ಅಳಿವಿನ ಅಪಾಯದಲ್ಲಿವೆ. ಗುಂಪುವಾರು ಬಿಡಿಸಿ ನೋಡಿದರೆ ಸಾಲಮಾಂಡರ್‌ಗಳಲ್ಲಿ ಶೇ 60, ಕಪ್ಪೆಗಳಲ್ಲಿ ಶೇ 39, ಸಿಸಿಲಿಯನ್‌ಗಳಲ್ಲಿ ಕೇವಲ ಶೇ 16. ಕಾಲಿಲ್ಲದೆ ಮಣ್ಣಿನೊಳಗೆ ಬದುಕುವ ಈ ಮೂರನೇ ಗುಂಪು ಉಳಿದೆರಡಕ್ಕಿಂತ ಕ್ಷೇಮವಾಗಿದೆ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಅಂಕಿಯಲ್ಲಿ ತಪ್ಪಿಲ್ಲ. ಅದನ್ನು ಕ್ಷೇಮದ ಗುರುತು ಎಂದು ಓದಿಕೊಳ್ಳುವುದರಲ್ಲಿ ತಪ್ಪಿದೆ.

ಈ ಶೇಕಡಾವಾರು ತೆಗೆಯುವ ಕ್ರಮವನ್ನೇ ಮೊದಲು ನೋಡೋಣ. ಪರಿಶೀಲಿಸಿದ ಪ್ರಭೇದಗಳಲ್ಲಿ ಈಗಾಗಲೇ ಅಳಿದವನ್ನೂ, 'ಮಾಹಿತಿ ಸಾಲದು' ಎಂಬ ವರ್ಗಕ್ಕೆ ಹಾಕಿದವನ್ನೂ ಪಕ್ಕಕ್ಕಿಡುತ್ತಾರೆ. ಉಳಿದವುಗಳಲ್ಲಿ ಎಷ್ಟು ಅಪಾಯದಲ್ಲಿವೆ ಎಂದು ಲೆಕ್ಕ ಹಾಕುತ್ತಾರೆ. ಅಂದರೆ ಮಾಹಿತಿ ಇಲ್ಲದವುಗಳೂ ಮಾಹಿತಿ ಇರುವವುಗಳಷ್ಟೇ ಪ್ರಮಾಣದಲ್ಲಿ ಅಪಾಯದಲ್ಲಿವೆ ಎಂದು ಊಹಿಸಿಕೊಂಡಂತೆ. ಕಪ್ಪೆಗಳ ಮಟ್ಟಿಗೆ ಈ ಊಹೆ ಲೆಕ್ಕವನ್ನು ಅಷ್ಟೇನೂ ಏರುಪೇರು ಮಾಡುವುದಿಲ್ಲ. ಸಿಸಿಲಿಯನ್‌ಗಳ ಮಟ್ಟಿಗೆ ಮಾಡುತ್ತದೆ. 2004ರ ಮೊದಲ ಮೌಲ್ಯಮಾಪನದಲ್ಲಿ ಇವುಗಳ ಪೈಕಿ ಸುಮಾರು ಮೂರರಲ್ಲಿ ಎರಡು ಭಾಗ 'ಮಾಹಿತಿ ಸಾಲದು' ವರ್ಗದಲ್ಲೇ ಇದ್ದವು. ಈಗಲೂ ಯಾವ ಉಭಯವಾಸಿ ಗುಂಪಿಗೂ ಇಲ್ಲದಷ್ಟು ದೊಡ್ಡ ಪಾಲು ಅಲ್ಲೇ ಉಳಿದಿದೆ.

ದುಂಡಗಿನ ಸಂಖ್ಯೆ ಇಟ್ಟುಕೊಂಡು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. 200 ಪ್ರಭೇದಗಳಿವೆ, ಅವುಗಳಲ್ಲಿ 100ರ ಬಗ್ಗೆ ಮಾಹಿತಿ ಇಲ್ಲ, ಉಳಿದ 100ರಲ್ಲಿ 16 ಅಪಾಯದಲ್ಲಿವೆ ಎಂದುಕೊಳ್ಳಿ. ಪ್ರಕಟವಾಗುವ ಅಂಕಿ ಶೇ 16. ಮಾಹಿತಿ ಇಲ್ಲದ ನೂರೂ ಸುರಕ್ಷಿತವಾಗಿದ್ದರೆ ನಿಜವಾದ ಅಂಕಿ ಶೇ 8. ಅವೆಲ್ಲ ಅಪಾಯದಲ್ಲಿದ್ದರೆ ಶೇ 58. ಎಂಟರಿಂದ ಐವತ್ತೆಂಟರವರೆಗೆ ಎಲ್ಲಿ ಬೇಕಾದರೂ ನಿಲ್ಲಬಹುದಾದ ಒಂದು ಸಂಗತಿಯನ್ನು ಒಂದೇ ಅಂಕಿಯಲ್ಲಿ ಹೇಳಿ ಮುಗಿಸಿದರೆ, ಅನುದಾನ ಹಂಚುವವರು ಆ ಅಂಕಿಯನ್ನಷ್ಟೇ ಓದುತ್ತಾರೆ.

ಪ್ರಾಣಿಯ ಪರಿಚಯ

ಸುಮಾರು 220 ಪ್ರಭೇದಗಳಿರುವ ಸಿಸಿಲಿಯನ್‌ಗಳು ದಕ್ಷಿಣ ಮತ್ತು ಮಧ್ಯ ಅಮೆರಿಕ, ಆಫ್ರಿಕಾ, ಸೆಶೆಲ್ಸ್ ದ್ವೀಪಗಳು, ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಉಷ್ಣ ಪ್ರದೇಶಗಳಲ್ಲಿವೆ. ಮಡಗಾಸ್ಕರ್‌ನಲ್ಲೂ ಆಸ್ಟ್ರೇಲಿಯಾದಲ್ಲೂ ಇಲ್ಲ. ಸೆಶೆಲ್ಸ್‌ನಲ್ಲಿ ಗೇಣುದ್ದವೂ ಬೆಳೆಯದ ಪ್ರಭೇದಗಳಿದ್ದರೆ, ಕೊಲಂಬಿಯಾದ ಸಿಸಿಲಿಯಾ ಥಾಂಪ್ಸನಿ ಒಂದೂವರೆ ಮೀಟರ್ ಮುಟ್ಟುತ್ತದೆ. ಇವುಗಳ ವಂಶ ಬಹಳ ಹಳೆಯದು: ಅಮೆರಿಕದ ಅರಿಜೋನಾದಲ್ಲಿ ಸಿಕ್ಕಿ 2023ರಲ್ಲಿ ಹೆಸರು ಪಡೆದ ಫಂಕಸ್‌ವರ್ಮಿಸ್ ಪಳೆಯುಳಿಕೆಗೆ ಸುಮಾರು 22 ಕೋಟಿ ವರ್ಷ ವಯಸ್ಸು. ಅದೇ ರಾಜ್ಯದ ಜುರಾಸಿಕ್ ಕಾಲದ ಬಂಡೆಗಳಲ್ಲಿ ಸಿಕ್ಕ ಇಯೋಸಿಸಿಲಿಯಾಕ್ಕೆ ಚಿಕ್ಕ ಕಾಲುಗಳಿದ್ದವು. ಈಗ ಬದುಕಿರುವ ಯಾವ ಪ್ರಭೇದಕ್ಕೂ ಕಾಲಿಲ್ಲ.

ಗುದ್ದಲಿಯ ಬಾಯಿಗೆ ಸಿಕ್ಕಿದ್ದು ಎರೆಹುಳುವೋ, ಹುಳುಹಾವೋ, ಸಿಸಿಲಿಯನ್ನೋ ಎಂದು ತಿಳಿಯುವುದು ಕಷ್ಟವಲ್ಲ. ನೋಡಬೇಕಾದ್ದು ಎಲ್ಲಿ ಎಂದು ಗೊತ್ತಿರಬೇಕು, ಅಷ್ಟೆ. ಮೊದಲು ತಲೆ ನೋಡಬೇಕು. ಸಿಸಿಲಿಯನ್‌ಗೆ ದವಡೆಯಿದೆ, ಬಾಯಿ ತೆರೆದರೆ ಹಿಂದಕ್ಕೆ ಬಾಗಿದ ಸಣ್ಣ ಹಲ್ಲುಗಳ ಸಾಲು ಕಾಣುತ್ತದೆ, ಬಾಯಿ ಮೂತಿಯ ಅಡಿಗೆ ಸರಿದಿರುತ್ತದೆ. ಎರೆಹುಳುವಿಗೆ ಇದಾವುದೂ ಇಲ್ಲ. ಆಮೇಲೆ ಚರ್ಮ. ಮೈಯುದ್ದಕ್ಕೂ ಉಂಗುರದಂಥ ಗೆರೆಗಳಿರುತ್ತವೆ, ಮುಟ್ಟಿದರೆ ಲೋಳೆ ಅಂಟುತ್ತದೆ. ಹುಳುಹಾವಿನ ಮೈ ಒಣಗಿದ್ದು, ನುಣುಪಾದ ಹುರುಪೆಗಳಿಂದ ಮಿರುಗುತ್ತದೆ, ಸೀಳು ನಾಲಿಗೆ ಹೊರಗೆ ಬಂದು ಹೋಗುತ್ತಿರುತ್ತದೆ. ಸಿಸಿಲಿಯನ್ ನಾಲಿಗೆ ಚಾಚುವುದಿಲ್ಲ. ಎಷ್ಟೋ ಪ್ರಭೇದಗಳಲ್ಲಿ ಉಂಗುರದ ಮಡಿಕೆಯೊಳಗೂ ಹುರುಪೆಗಳಿವೆ, ಆದರೆ ಅವು ಚರ್ಮದ ಒಳಗಿರುವುದರಿಂದ ಬರಿಗಣ್ಣಿಗೆ ಕಾಣುವುದಿಲ್ಲ. ಕೊನೆಯದಾಗಿ, ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಒಂದು ಸೂಕ್ಷ್ಮ ರಂಧ್ರವಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡಬೇಕು. ಅದರಿಂದ ಹೊರಚಾಚುವ ಸ್ಪರ್ಶಾಂಗ ಬೇರಾವ ಕಶೇರುಕಕ್ಕೂ ಇಲ್ಲ. ವಾಸನೆಯ ಕಣಗಳನ್ನು ಹಿಡಿದು ಒಳಗೆ ಒಯ್ಯುವುದು ಅದರ ಕೆಲಸ. ಕಣ್ಣುಗಳು ಚರ್ಮದ ಕೆಳಗೆ ಅಡಗಿರುತ್ತವೆ. ಕೆಲವು ಪ್ರಭೇದಗಳಲ್ಲಿ ಎಲುಬೇ ಅವನ್ನು ಮುಚ್ಚಿರುತ್ತದೆ.

ತಲೆಬುರುಡೆಯ ಎಲುಬುಗಳು ಒಂದಕ್ಕೊಂದು ಬೆಸೆದು ಗಟ್ಟಿಯಾಗಿವೆ, ಮಣ್ಣು ಸೀಳಲು ಅದೇ ಹತಾರ. ಬೆನ್ನೆಲುಬು ಚರ್ಮದ ಕೊಳವೆಯೊಳಗೆ ಸ್ವಲ್ಪ ಸ್ವತಂತ್ರವಾಗಿ ಹಿಂದೆ ಮುಂದೆ ಸರಿಯಬಲ್ಲದು. ಮೈಯ ಗೋಡೆಯ ಸ್ನಾಯುಗಳು ಹಿಂಡಿದಾಗ ಒಳಗಿನ ದ್ರವದ ಒತ್ತಡ ಏರಿ ತಲೆ ಮುಂದಕ್ಕೆ ನುಗ್ಗುತ್ತದೆ. ಹಸಿ ಮಣ್ಣಿನಲ್ಲಿ ಈ ವ್ಯವಸ್ಥೆ ಚೆನ್ನಾಗಿ ಕೆಲಸ ಮಾಡುತ್ತದೆ, ಒಣಗಿ ಗಡುಸಾದ ಮಣ್ಣಿನಲ್ಲಿ ಇಲ್ಲ. ಉಸಿರಾಟದ ಒಂದು ಪಾಲು ಒದ್ದೆ ಚರ್ಮದ ಮೂಲಕವೇ ನಡೆಯುವುದರಿಂದ ತೇವ ಹೋದರೆ ಚಲನೆಯೂ ಕುಂದುತ್ತದೆ, ಉಸಿರೂ ಕಟ್ಟುತ್ತದೆ. ಒಂದು ಗುಡ್ಡದ ಮೇಲ್ಮಣ್ಣಿನ ತೇವ ಎಷ್ಟು ದಿನ ಉಳಿಯುತ್ತದೆ ಎಂಬುದೇ ಅಲ್ಲಿ ಸಿಸಿಲಿಯನ್ ಇರುತ್ತದೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ.

ಅಪರೂಪವೋ, ಅಗೆದು ನೋಡಿಲ್ಲವೋ?

ಕಪ್ಪೆಯ ಗಣತಿ ಮಾಡುವವರು ರಾತ್ರಿ ಅದರ ಕೂಗು ಕೇಳಿ ಎಣಿಸುತ್ತಾರೆ. ಸಿಸಿಲಿಯನ್ ಕೂಗಿ ಕರೆಯುವುದಿಲ್ಲ. ಟಾರ್ಚ್ ಬೆಳಕಿನ ಸಮೀಕ್ಷೆಗೆ ಸಿಗುವುದು ಜೋರು ಮಳೆಯ ರಾತ್ರಿ ಮೇಲೆ ಬಂದ ಒಂದೆರಡು ಮಾತ್ರ. ನೆಲದಲ್ಲಿ ಹೂತ ಬಕೆಟ್ ಬಲೆಗಳಿಗೂ ಮೇಲ್ಮೈಯಲ್ಲಿ ಓಡಾಡುವ ಜೀವಿಗಳೇ ಹೆಚ್ಚು ಬೀಳುತ್ತವೆ. ಇದೇ ವಿಧಾನಗಳನ್ನು ನೆಚ್ಚಿಕೊಂಡ ವರದಿಗಳಲ್ಲಿ 'ಅಪರೂಪ' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಆ ಮಾತು ಪ್ರಾಣಿಗಿಂತ ಹೆಚ್ಚಾಗಿ ವಿಧಾನವನ್ನು ವರ್ಣಿಸುತ್ತದೆ.

ಲೆಕ್ಕವಿಟ್ಟು ಅಗೆದಾಗ ಚಿತ್ರ ಬದಲಾಯಿತು. ದಕ್ಷಿಣ ಕೇರಳದಲ್ಲಿ ಗೆಜೀನಿಯೋಫಿಸ್ ರಾಮಸ್ವಾಮಿ ಎಂಬ ಪ್ರಭೇದದ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಚದರ ಮೀಟರಿನ ಚೌಕಗಳನ್ನು ಅಗೆದು ನೋಡಿದಾಗ ಸರಾಸರಿ ಎರಡು ಚದರ ಮೀಟರಿಗೆ ಒಂದರ ಆಸುಪಾಸಿನ ಸಾಂದ್ರತೆ ಕಂಡುಬಂತು. ಕೀನ್ಯಾದ ತೈತಾ ಬೆಟ್ಟಗಳ ಬೌಲೆಂಜೆರುಲಾ ತೈತಾನಾ ಕೂಡ ಹೊಲಗಳ ಮಣ್ಣಿನಲ್ಲೇ ಧಾರಾಳವಾಗಿ ಸಿಕ್ಕಿತು. ಗೆದ್ದಲು, ಎರೆಹುಳು ತಿನ್ನುವ ಕಶೇರುಕವೊಂದು ಇಷ್ಟು ದಟ್ಟವಾಗಿದ್ದರೆ ಆ ಮಣ್ಣಿನ ಆಹಾರ ಸರಪಳಿಯಲ್ಲಿ ಅದು ಸಣ್ಣ ಪಾತ್ರಧಾರಿಯಲ್ಲ.

ಚೌಕ ಅಗೆಯುವ ವಿಧಾನ ಸರಳವಾಗಿ ಕಾಣುತ್ತದೆ, ಆದರೆ ಕೆಡುವುದೂ ಬೇಗ. ಜಾಗ ಆರಿಸುವುದರಲ್ಲೇ ಮೊದಲ ತಪ್ಪು ನಡೆಯುತ್ತದೆ. ಬಿದ್ದ ಮರದ ದಿಮ್ಮಿ, ಗೊಬ್ಬರದ ಗುಂಡಿ, ತೊರೆಯ ಅಂಚು, ಹೀಗೆ ಸಿಗುವ ಕಡೆಯೇ ಅಗೆದರೆ ಪ್ರಾಣಿ ಸಿಗುತ್ತದೆ, ಸಾಂದ್ರತೆ ಸಿಗುವುದಿಲ್ಲ. ನಕ್ಷೆಯ ಮೇಲೆ ಗೆರೆ ಎಳೆದು, ಯಾದೃಚ್ಛಿಕ ಸಂಖ್ಯೆಗಳಿಂದ ಚೌಕದ ಸ್ಥಳ ತೀರ್ಮಾನಿಸಿ, ಬಂಡೆ ಬಂದರೆ ಏನು ಮಾಡಬೇಕೆಂಬ ನಿಯಮವನ್ನು ಅಗೆಯುವ ಮೊದಲೇ ಬರೆದಿಟ್ಟುಕೊಳ್ಳಬೇಕು. ಹಗ್ಗದಿಂದ ಒಂದು ಮೀಟರ್ ಚೌಕ ಗುರುತಿಸಿ ತರಗೆಲೆಯನ್ನು ಕೈಯಿಂದ ಜಾಲಾಡಿ ಬೇರೆ ಇಡಬೇಕು. ನಾಲ್ಕೂ ಅಂಚುಗಳಿಂದ ಒಳಮುಖವಾಗಿ, ಬೇಗ ಬೇಗ, ಇಬ್ಬರು ಅಗೆಯುವುದು ಒಳ್ಳೆಯದು: ನೆಲ ಅದುರಿದೊಡನೆ ಪ್ರಾಣಿ ಪಕ್ಕಕ್ಕೆ ಜಾರುತ್ತದೆ. ಗುದ್ದಲಿ ಹಾಕುವುದು ಹೆಂಟೆ ಎಬ್ಬಿಸಲು ಮಾತ್ರ. ಹೆಂಟೆಯನ್ನು ಪುಡಿ ಮಾಡುವುದು ಕೈಯಿಂದಲೇ. 20ರಿಂದ 30 ಸೆಂಟಿಮೀಟರ್ ಆಳದವರೆಗೆ ಹೋಗಿ, ಸಿಕ್ಕ ಪ್ರತಿಯೊಂದರ ಆಳ, ಆ ಆಳದ ಮಣ್ಣಿನ ಉಷ್ಣತೆ, ತೇವಾಂಶ, ಪಿಎಚ್ ಬರೆದುಕೊಂಡು, ಮಣ್ಣನ್ನೂ ತರಗೆಲೆಯನ್ನೂ ಮೊದಲಿದ್ದ ಕ್ರಮದಲ್ಲೇ ಮುಚ್ಚಬೇಕು. ತುಂಡಾದ ಪ್ರಾಣಿಗಳ ಸಂಖ್ಯೆಯನ್ನೂ ದಾಖಲಿಸಲೇಬೇಕು. ವಿಧಾನವೇ ಎಷ್ಟು ಹಾನಿ ಮಾಡುತ್ತಿದೆ ಎಂಬುದು ಆಗ ಮಾತ್ರ ತಿಳಿಯುತ್ತದೆ.

ಎರಡನೇ ತಪ್ಪು, ಖಾಲಿ ಚೌಕಗಳಿಗೆ ಅತಿಯಾದ ಅರ್ಥ ಕೊಡುವುದು. ಪ್ರಾಣಿಗಳು ಅಡ್ಡಾದಿಡ್ಡಿಯಾಗಿ, ಸಮ ಸಾಧ್ಯತೆಯಿಂದ ಹರಡಿವೆ ಎಂದಿಟ್ಟುಕೊಳ್ಳೋಣ. ಚದರ ಮೀಟರಿಗೆ ಸರಾಸರಿ 0.5 ಇದ್ದರೆ ಒಂದು ಚೌಕ ಖಾಲಿ ಬರುವ ಸಾಧ್ಯತೆ ಸುಮಾರು ಶೇ 61. ಹತ್ತು ಚೌಕ ಅಗೆದರೆ ಹತ್ತೂ ಖಾಲಿ ಬರುವ ಸಾಧ್ಯತೆ ಶೇ 1ಕ್ಕಿಂತ ಕಡಿಮೆ. ಸಾಂದ್ರತೆ ಅದರ ಹತ್ತನೇ ಒಂದು ಭಾಗ, ಅಂದರೆ 0.05 ಆಗಿದ್ದರೆ ಹತ್ತೂ ಚೌಕ ಖಾಲಿ ಬರುವ ಸಾಧ್ಯತೆ ಶೇ 61ಕ್ಕೆ ಏರುತ್ತದೆ. 'ಇಲ್ಲಿ ಇಲ್ಲ' ಎಂದು ಶೇ 95ರ ಭರವಸೆಯಿಂದ ಹೇಳಬೇಕಾದರೆ 60 ಚೌಕ ಬೇಕು. ವಾಸ್ತವದಲ್ಲಿ ಪ್ರಾಣಿಗಳು ತೇವ ಇರುವೆಡೆ ಗುಂಪಾಗಿರುವುದರಿಂದ ಅರವತ್ತೂ ಸಾಲದು. ಅರ್ಧ ದಿನ ಅಲ್ಲಲ್ಲಿ ಕೆದಕಿ 'ಕಂಡುಬಂದಿಲ್ಲ' ಎಂದು ಬರೆಯುವ ಪರಿಸರ ಪರಿಣಾಮ ವರದಿಗಳು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಮಾಡಿದ ಸಮೀಕ್ಷೆಗಂತೂ ಬೆಲೆಯೇ ಇಲ್ಲ. ಆಗ ಪ್ರಾಣಿ ಗುದ್ದಲಿ ಮುಟ್ಟದ ಆಳಕ್ಕೆ ಇಳಿದಿರುತ್ತದೆ.

ಒಮ್ಮೆ ಎಣಿಸಿದರೆ ಸಾಂದ್ರತೆ ತಿಳಿಯಬಹುದು, ಏರಿಳಿತ ತಿಳಿಯುವುದಿಲ್ಲ. ಅದಕ್ಕೆ ಗುರುತು ಹಾಕಿ ಬಿಟ್ಟು ಮತ್ತೆ ಹಿಡಿಯಬೇಕು. ಗುರುತು ಹಾಕುವುದು ಎಲ್ಲಿ? ಬೆರಳಿಲ್ಲ, ಹೊರಕಿವಿಯಿಲ್ಲ, ಪಟ್ಟಿ ಕಟ್ಟಿದರೆ ಜಾರಿ ಬೀಳುತ್ತದೆ. ಅರಿವಳಿಕೆ ಕೊಟ್ಟು ಚರ್ಮದಡಿ ಹೊಳೆಯುವ ಬಣ್ಣದ ಪಾಲಿಮರ್ ಚುಚ್ಚಿ, ಅದು ಹೆಪ್ಪುಗಟ್ಟಿದ ಮೇಲೆ ಬಿಡುವ ವಿಧಾನವನ್ನು ಗೆಜೀನಿಯೋಫಿಸ್ ರಾಮಸ್ವಾಮಿಯ ಮೇಲೆ ಪ್ರಯೋಗಿಸಿ ಯಶಸ್ಸು ಕಂಡಿದ್ದಾರೆ. ಹಿಡಿಯುವ ಕೈ ಒದ್ದೆಯಾಗಿರಬೇಕು, ಸ್ಯಾನಿಟೈಸರ್, ಸೊಳ್ಳೆ ಮುಲಾಮು ಸೋಂಕಿರಬಾರದು. ಇವುಗಳ ಚರ್ಮ ಅದೆಲ್ಲವನ್ನೂ ಹೀರಿಕೊಳ್ಳುತ್ತದೆ. ಇಡುವುದು ಹಸಿ ಮಣ್ಣಿನ ಡಬ್ಬಿಯಲ್ಲಿ, ನೀರಿನಲ್ಲಲ್ಲ: ನೆಲವಾಸಿ ಪ್ರಭೇದದ ಬೆಳೆದ ಪ್ರಾಣಿ ನೀರು ತುಂಬಿದ ಪಾತ್ರೆಯಲ್ಲಿ ಮುಳುಗಿ ಸಾಯುತ್ತದೆ.

ಹೆಸರು ಒಡೆದಾಗ ನೆಲೆ ಕುಗ್ಗುತ್ತದೆ

ಎಣಿಕೆಗಿಂತ ಮೊದಲು, ಎಣಿಸುತ್ತಿರುವುದು ಯಾವುದನ್ನು ಎಂಬ ಪ್ರಶ್ನೆಯಿದೆ. 1999ಕ್ಕೆ ಮೊದಲು ಪಶ್ಚಿಮ ಘಟ್ಟದಿಂದ ಗೆಜೀನಿಯೋಫಿಸ್ ಕುಲದ ಎರಡೇ ಪ್ರಭೇದಗಳಿಗೆ ಹೆಸರಿತ್ತು. ಆ ವರ್ಷ ದಕ್ಷಿಣ ಕನ್ನಡದ ಗುರುಪುರದಿಂದ ಗೆಜೀನಿಯೋಫಿಸ್ ಕೃಷ್ಣಿ ಬಂತು, 2004ರಲ್ಲಿ ಕುಂದಾಪುರದ ಕಡೆಯ ಮುದೂರಿನಿಂದ ಗೆಜೀನಿಯೋಫಿಸ್ ಮಾಧವೈ ಬಂತು. 2015ರ ಹೊತ್ತಿಗೆ ಘಟ್ಟದ ಉದ್ದಕ್ಕೂ ಹತ್ತರಷ್ಟು ಹೊಸ ಹೆಸರುಗಳು ಸೇರಿದವು. ಈಶಾನ್ಯ ಭಾರತದಲ್ಲಿ ಸುಮಾರು 250 ಕಡೆ ವರ್ಷಗಟ್ಟಲೆ ಅಗೆದ ತಂಡವೊಂದು 2012ರಲ್ಲಿ ಚಿಕಿಲಿಡೇ ಎಂಬ ಹೊಸ ಕುಟುಂಬವನ್ನೇ ಮುಂದಿಟ್ಟಿತು. ಅದರ ಹತ್ತಿರದ ನಂಟರಿರುವುದು ಆಫ್ರಿಕಾದಲ್ಲಿ.

ಹೊಸ ಪ್ರಭೇದ ಸಿಕ್ಕಿತೆಂಬ ಸಂತೋಷದ ಹಿಂದೆ ಒಂದು ಲೆಕ್ಕಾಚಾರ ಇದೆ. ವಿಶಾಲ ನೆಲೆಯದು ಎಂದುಕೊಂಡಿದ್ದ ಒಂದು ಪ್ರಭೇದ ನಾಲ್ಕಾಗಿ ಒಡೆದರೆ, ಒಂದೊಂದರ ನೆಲೆಯೂ ಆ ಮಟ್ಟಿಗೆ ಕಿರಿದಾಗುತ್ತದೆ. ಅಳಿವಿನ ಅಪಾಯವನ್ನು ವರ್ಗೀಕರಿಸುವ ಜಾಗತಿಕ 'ಕೆಂಪು ಪಟ್ಟಿ'ಯ ನಿಯಮದಂತೆ ಹರಡಿರುವ ವ್ಯಾಪ್ತಿ 20,000 ಚದರ ಕಿಲೋಮೀಟರಿಗಿಂತ ಕಡಿಮೆಯಿದ್ದರೆ 'ಅಪಾಯಕ್ಕೀಡಾಗಬಲ್ಲ' ವರ್ಗಕ್ಕೂ, 5,000ಕ್ಕಿಂತ ಕಡಿಮೆಯಿದ್ದರೆ 'ಅಪಾಯದಲ್ಲಿರುವ' ವರ್ಗಕ್ಕೂ, 100ಕ್ಕಿಂತ ಕಡಿಮೆಯಿದ್ದರೆ 'ತೀವ್ರ ಅಪಾಯದ' ವರ್ಗಕ್ಕೂ ಸೇರಿಸಲು ಬಾಗಿಲು ತೆರೆಯುತ್ತದೆ. ತೆರೆಯುತ್ತದೆ ಅಷ್ಟೆ. ಒಳಗೆ ಹೋಗಬೇಕಾದರೆ ನೆಲೆ ಛಿದ್ರವಾಗಿದೆ ಅಥವಾ ಕೆಲವೇ ತಾಣಗಳಿಗೆ ಸೀಮಿತವಾಗಿದೆ, ಕುಸಿತ ಮುಂದುವರಿದಿದೆ, ಸಂಖ್ಯೆ ವಿಪರೀತ ಏರಿಳಿಯುತ್ತಿದೆ ಎಂಬ ಮೂರರಲ್ಲಿ ಎರಡನ್ನಾದರೂ ತೋರಿಸಬೇಕು. ಒಂದೇ ಊರಿನಿಂದ ಒಮ್ಮೆ ಸಿಕ್ಕ ಎರಡು ಪ್ರಾಣಿಗಳ ಆಧಾರದಲ್ಲಿ ಹೆಸರಾದ ಪ್ರಭೇದದ ಬಗ್ಗೆ ಇದನ್ನು ತೋರಿಸಲಾಗದು. ಪಕ್ಕದ ಗುಡ್ಡದಲ್ಲೂ ಇದೆಯೋ ಏನೋ ಎಂಬ ಅನುಮಾನ ನ್ಯಾಯವಾದದ್ದೇ, ಹಾಗಾಗಿ ಪ್ರಭೇದ 'ಮಾಹಿತಿ ಸಾಲದು' ಎಂಬಲ್ಲಿಗೆ ಹೋಗುತ್ತದೆ. ನಿಯಮ ಸರಿಯಾಗಿಯೇ ಇದೆ. ಆದರೆ ಹಾಗೆ ಹೋದದ್ದನ್ನು ಹುಡುಕಿ ಹೊರತರುವ ಕೆಲಸಕ್ಕೆ ಹಣವಿಲ್ಲ, ಹಣ ಅಪಾಯದ ಪಟ್ಟಿಯಲ್ಲಿರುವುದಕ್ಕೆ ಮಾತ್ರ. ಪಟ್ಟಿ ಸೇರಲು ಸಮೀಕ್ಷೆ ಬೇಕು, ಸಮೀಕ್ಷೆಯ ಹಣಕ್ಕೆ ಪಟ್ಟಿಯಲ್ಲಿರಬೇಕು. ಸಿಸಿಲಿಯನ್‌ಗಳು ಸಿಕ್ಕಿಹಾಕಿಕೊಂಡಿರುವುದು ಈ ಸುಳಿಯಲ್ಲಿ.

ಹುಡುಕಿದರೆ ಏನಾಗುತ್ತದೆ ಎಂಬುದಕ್ಕೆ ಅಟ್ರೆಟೊಕೋನಾ ಐಸೆಲ್ಟಿ ಸಾಕ್ಷಿ. ಶ್ವಾಸಕೋಶವೇ ಇಲ್ಲದ, ಮೀಟರ್ ಉದ್ದದವರೆಗೆ ಬೆಳೆಯುವ ಈ ಜಲವಾಸಿ ಪ್ರಭೇದ ಬಹುಕಾಲ ಸಂಗ್ರಹಾಲಯದ ಹಳೆಯ ಮಾದರಿಗಳಿಂದಷ್ಟೇ ಗೊತ್ತಿತ್ತು, ಎಲ್ಲಿಯದೆಂಬುದೂ ಖಚಿತವಿರಲಿಲ್ಲ. 2011ರಲ್ಲಿ ಬ್ರೆಜಿಲ್‌ನ ಮಡೈರಾ ನದಿಯಲ್ಲಿ ಜಲವಿದ್ಯುತ್ ಅಣೆಕಟ್ಟಿನ ಕಾಮಗಾರಿಗೆ ನೀರು ತಗ್ಗಿಸಿದಾಗ ಕಲ್ಲುಗಳ ನಡುವೆ ಸಿಕ್ಕಿತು. ನೆಲೆ ತಿಳಿದದ್ದೂ ಆ ನೆಲೆ ಬದಲಾದದ್ದೂ ಒಂದೇ ಕಾಮಗಾರಿಯಿಂದ.

ಅಪಾಯ ಎಲ್ಲಿಂದ ಬರುತ್ತದೆ

ಖಚಿತವಾಗಿ ತೋರಿಸಬಹುದಾದ ಉದಾಹರಣೆ ಕೀನ್ಯಾದ ಸಗಲ್ಲಾ ಗುಡ್ಡದ ಬೌಲೆಂಜೆರುಲಾ ನೈಡೆನಿ. 2005ರಲ್ಲಿ ಹೆಸರು ಪಡೆದ ಇದು ಆ ಒಂಟಿ ಗುಡ್ಡ ಬಿಟ್ಟು ಬೇರೆಲ್ಲೂ ಇಲ್ಲ. ಅಲ್ಲಿ ಮೂಲ ಕಾಡಿನ ಬಹುಪಾಲು ಹೋಗಿ ಹೊಲಗಳೂ ನೀಲಗಿರಿ ತೋಪುಗಳೂ ಬಂದಿವೆ. ಹೊಲದ ಮೆದು ಮಣ್ಣಿನಲ್ಲಿ, ಕೊಳೆಯುವ ಕಸದ ರಾಶಿಯಡಿ ಪ್ರಾಣಿ ಬದುಕಿಕೊಳ್ಳುತ್ತದೆ. ನೀಲಗಿರಿಯ ಕೆಳಗೆ ಮಣ್ಣು ಒಣಗಿ ಬಿಗಿದುಕೊಳ್ಳುತ್ತದೆ, ಅದರ ಎಲೆ ಕೊಳೆತು ಹುಡಿಯಾಗುವುದೂ ನಿಧಾನ. ನೀಲಗಿರಿ ತೆಗೆದು ಸ್ಥಳೀಯ ಮರ ನೆಡುವ ಕೆಲಸ ಅಲ್ಲಿ ಶುರುವಾಗಿದೆ. ಗಮನಿಸಬೇಕಾದ್ದು ಇಷ್ಟು: ಈ ಪ್ರಾಣಿಗೆ ಕೃಷಿ ಎಂಬುದೇ ಶತ್ರುವಲ್ಲ. ಕೈಯಿಂದ ಅಗೆದು, ಸೊಪ್ಪುಸದೆ ಮುಚ್ಚಿ, ನೆರಳು ಉಳಿಸಿದ ತೋಟದ ಮಣ್ಣು ಅದಕ್ಕೆ ಒಗ್ಗುತ್ತದೆ. ಭಾರದ ಯಂತ್ರಗಳು ಮೇಲ್ಮಣ್ಣನ್ನು ಎಬ್ಬಿಸಿ, ಕೆಳಮಣ್ಣನ್ನು ಅದುಮಿದಾಗ ಬಿಲಗಳೂ ಹೋಗುತ್ತವೆ, ಗೆದ್ದಲೂ ಎರೆಹುಳುವೂ ಹೋಗುತ್ತವೆ. ಉಪಗ್ರಹ ಚಿತ್ರದಲ್ಲಿ ಎರಡೂ ಒಂದೇ ಹಸಿರು.

ಕಪ್ಪೆಗಳನ್ನು ಸಾಲುಸಾಲಾಗಿ ಕೊಂದ ಕೈಟ್ರಿಡ್ ಶಿಲೀಂಧ್ರ ಮಣ್ಣಿನೊಳಗಿನ ಪ್ರಾಣಿಗೆ ತಟ್ಟಲಾರದು ಎಂಬ ನಂಬಿಕೆ ಬಹಳ ಕಾಲ ಇತ್ತು. 2013ರಲ್ಲಿ ಪ್ರಕಟವಾದ ಅಧ್ಯಯನ ಆಫ್ರಿಕಾದ ಕಾಡು ಸಿಸಿಲಿಯನ್‌ಗಳಲ್ಲಿ ಸೋಂಕನ್ನೂ, ಸೆರೆಯಲ್ಲಿದ್ದ ಜಿಯೋಟ್ರೈಪಿಟಿಸ್ ಸೆರಾಫಿನಿಯಲ್ಲಿ ಅದರಿಂದಾದ ಸಾವನ್ನೂ ತೋರಿಸಿತು. ನೆಲದಡಿ ಸತ್ತದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ಸಾವಿನ ವರದಿಗಳಿಲ್ಲ ಎಂಬುದನ್ನು ಸಾವಿಲ್ಲ ಎಂದು ಓದುವಂತಿಲ್ಲ. ಸಮೀಕ್ಷೆಗೆ ಹೋದವರು ಹಿಡಿದ ಪ್ರತಿ ಪ್ರಾಣಿಗೂ ಕೈಗವಸು ಬದಲಿಸುವುದು, ಚರ್ಮದ ಒರೆಸು ಮಾದರಿ ತೆಗೆಯುವುದು, ಇನ್ನೊಂದು ತಾಣಕ್ಕೆ ಹೋಗುವ ಮುನ್ನ ಬೂಟು, ಗುದ್ದಲಿಯ ಮಣ್ಣು ತೊಳೆದು ಸೋಂಕು ನಿವಾರಿಸುವುದು ಇದಕ್ಕಾಗಿಯೇ.

ಅಕ್ವೇರಿಯಂ ವ್ಯಾಪಾರದಲ್ಲಿ ಓಡಾಡುವ ಟಿಫ್ಲೊನೆಕ್ಟಿಸ್ ನಟಾನ್ಸ್‌ನದು ಬೇರೆ ಕಥೆ. ಕೊಲಂಬಿಯಾ, ವೆನಿಜುವೆಲಾದ ಈ ಜಲವಾಸಿ 2019ರಲ್ಲಿ ಅಮೆರಿಕದ ಮಯಾಮಿಯ ಕಾಲುವೆಯೊಂದರಲ್ಲಿ ಸಿಕ್ಕಿತು. ಸಾಕಿದವರು ಬಿಟ್ಟದ್ದಿರಬೇಕು ಎಂಬುದೇ ಹೆಚ್ಚು ಸಂಭವನೀಯ ವಿವರಣೆ.

ಇನ್ನು ವಿಷದ ಮಾತು. ಬ್ರೆಜಿಲ್‌ನ ಬುಟಾಂಟಾನ್ ಸಂಸ್ಥೆಯ ವಿಜ್ಞಾನಿಗಳು 2020ರಲ್ಲಿ ಸೈಫೊನೊಪ್ಸ್ ಆನುಲಾಟಸ್ ಎಂಬ ಸಿಸಿಲಿಯನ್‌ನ ಹಲ್ಲುಗಳ ಬುಡದಲ್ಲಿ ಗ್ರಂಥಿಗಳಿರುವುದನ್ನೂ, ಅದರ ಸ್ರಾವದಲ್ಲಿ ಹಾವಿನ ವಿಷದಲ್ಲಿರುವಂಥ ಕಿಣ್ವದ ಚಟುವಟಿಕೆಯನ್ನೂ ವರದಿ ಮಾಡಿದರು. ಸುದ್ದಿಗಳಲ್ಲಿ ಇದು 'ವಿಷ ಕಚ್ಚುವ ಉಭಯವಾಸಿ' ಆಗಿಬಿಟ್ಟಿತು. ಎರೆಹುಳುವನ್ನು ಹಿಡಿದು ನುಂಗಲು ಇದು ನೆರವಾಗಬಹುದು ಎಂಬುದು ಸಂಶೋಧನೆಯ ಮಾತು. ಮನುಷ್ಯರಿಗೆ ಅಪಾಯ ಎಂದು ಅದರಲ್ಲಿಲ್ಲ. ಹಾವೆಂದು ತಿಳಿದು ಹೊಡೆದು ಸಾಯಿಸುವ ಪ್ರಾಣಿಯ ಬಗ್ಗೆ ಇಂಥ ಶೀರ್ಷಿಕೆ ಬರೆಯುವವರು ಇನ್ನಷ್ಟು ಎಚ್ಚರವಹಿಸಬೇಕಿತ್ತು.

ತಾಯ್ತನದ ಲೆಕ್ಕ

ಕುಸಿತವನ್ನು ಅಳೆಯುವ ಇನ್ನೊಂದು ನಿಯಮ ಹತ್ತು ವರ್ಷ ಅಥವಾ ಮೂರು ತಲೆಮಾರು, ಯಾವುದು ದೀರ್ಘವೋ ಆ ಅವಧಿಯಲ್ಲಿ ಶೇ 30ರಷ್ಟು ಇಳಿಕೆಯಾಗಿದೆಯೇ ಎಂದು ಕೇಳುತ್ತದೆ. ಸಿಸಿಲಿಯನ್‌ಗಳ ತಲೆಮಾರು ಎಷ್ಟು ವರ್ಷದ್ದು ಎಂಬುದು ಬಹುತೇಕ ಪ್ರಭೇದಗಳಲ್ಲಿ ಅಳೆದೇ ಇಲ್ಲ. ನಿಧಾನದ ಬಾಳು ಎಂದು ಊಹಿಸಲು ಕಾರಣಗಳಿವೆ, ಏಕೆಂದರೆ ತಾಯಿ ಒಂದೊಂದು ಸಂತಾನಕ್ಕೂ ತೆರುವ ಬೆಲೆ ದೊಡ್ಡದು. ಇಕ್ತಿಯೋಫಿಸ್ ತಾಯಿ ನೀರಿನ ಹತ್ತಿರದ ಬಿಲದಲ್ಲಿ ಮೊಟ್ಟೆಗಳ ಸುತ್ತ ಸುತ್ತಿಕೊಂಡು ಕಾಯುತ್ತದೆ, ಮರಿಗಳು ಒಡೆದು ಬಂದು ತೊರೆ ಸೇರುತ್ತವೆ. ಬೌಲೆಂಜೆರುಲಾ ತೈತಾನಾದ ಮರಿಗಳು ತಾಯಿಯ ಹೊರಚರ್ಮವನ್ನೇ ಹಲ್ಲಿನಿಂದ ಕೆರೆದು ತಿಂದು ಬೆಳೆಯುತ್ತವೆಂದು 2006ರಲ್ಲಿ ಗೊತ್ತಾಯಿತು. ಆ ಹೊತ್ತಿಗೆ ತಾಯಿಯ ಚರ್ಮ ದಪ್ಪಗಾಗಿ ಕೊಬ್ಬಿನಿಂದ ತುಂಬಿರುತ್ತದೆ. ಸೈಫೊನೊಪ್ಸ್ ಆನುಲಾಟಸ್ ತಾಯಿ ಮರಿಗಳ ಸದ್ದಿಗೂ ಸ್ಪರ್ಶಕ್ಕೂ ಓಗೊಟ್ಟು ಅಂಡನಾಳದಿಂದ ಹಾಲಿನಂಥ ಕೊಬ್ಬಿನ ದ್ರವವನ್ನು ದಿನಕ್ಕೆ ಹಲವು ಬಾರಿ ಉಣಿಸುತ್ತದೆ ಎಂದು 2024ರಲ್ಲಿ ವರದಿಯಾಯಿತು. ಮಹಾರಾಷ್ಟ್ರದ ಗೆಜೀನಿಯೋಫಿಸ್ ಶೇಷಾಚಾರಿ ಮರಿಯನ್ನೇ ಹಾಕುತ್ತದೆ. 2008ರಲ್ಲಿ ಅದನ್ನು ಗುರುತಿಸಿದಾಗ, ಮರಿ ಹಾಕುವ ಏಷ್ಯಾದ ಮೊದಲ ಸಿಸಿಲಿಯನ್ ಅದಾಗಿತ್ತು.

ಇದರ ಪರಿಣಾಮ ನೇರವಾದದ್ದು. ಸಾವಿರಗಟ್ಟಲೆ ಮೊಟ್ಟೆ ಚೆಲ್ಲುವ ಕಪ್ಪೆಯಲ್ಲಿ ಒಂದು ತಾಯಿ ಹೋದರೆ ಆಗುವ ನಷ್ಟಕ್ಕೂ, ಬೆರಳೆಣಿಕೆಯ ಮರಿಗಳನ್ನು ಮೈಯಿಂದ ಸಾಕುವ ತಾಯಿ ಹೋದರೆ ಆಗುವ ನಷ್ಟಕ್ಕೂ ಹೋಲಿಕೆಯಿಲ್ಲ. ಗುದ್ದಲಿಯಲ್ಲಿ ಗೂಡು ತೆರೆದುಕೊಂಡರೆ, ತಾಯಿ ಬಿಟ್ಟುಹೋದ ಮೊಟ್ಟೆಗಳು ಒಣಗುತ್ತವೆ ಇಲ್ಲವೇ ಬೂಸು ಹಿಡಿಯುತ್ತವೆ. ಹಾಗೆ ಸಿಕ್ಕ ಗೂಡನ್ನು ಒಂದು ಫೋಟೊ ತೆಗೆದು ತಕ್ಷಣ ಮುಚ್ಚಬೇಕು, ಅಳೆಯುವ ಆಸೆ ಬಿಡಬೇಕು.

ಸಿಕ್ಕಾಗ ದಾಖಲಿಸುವುದು ಹೇಗೆ

ಒಳ್ಳೆಯ ದಾಖಲೆಗೆ ನಾಲ್ಕು ಫೋಟೊ ಸಾಕು: ತಲೆಯ ಪಕ್ಕದ ನೋಟ (ಕಣ್ಣು, ಸ್ಪರ್ಶಾಂಗದ ರಂಧ್ರ, ಹೊಳ್ಳೆ ಮೂರೂ ಒಂದೇ ಚಿತ್ರದಲ್ಲಿ), ತಲೆಯ ಅಡಿಭಾಗ, ಬಾಲದ ತುದಿಯ ಅಡಿಭಾಗ, ಅಳತೆಪಟ್ಟಿಯ ಪಕ್ಕ ಇಡೀ ಮೈ. ಬಾಲದ ತುದಿ ಮುಖ್ಯ, ಏಕೆಂದರೆ ಇಕ್ತಿಯೋಫಿಸ್, ಯುರಿಯೋಟಿಫ್ಲಸ್ ಕುಲಗಳಿಗೆ ಗುದದ್ವಾರದ ಹಿಂದೆ ಪುಟ್ಟ ಬಾಲವಿದೆ, ಗೆಜೀನಿಯೋಫಿಸ್‌ಗೆ ಇಲ್ಲ. ಮೈಪಕ್ಕದ ಹಳದಿ ಪಟ್ಟೆ ಇದ್ದರೆ ಅದು ಬಾಯಿಯವರೆಗೆ ತುಂಡಾಗದೆ ಬಂದಿದೆಯೇ ಎಂದು ಕಾಣಬೇಕು. ನುಣುಚಿಕೊಳ್ಳುವ ಪ್ರಾಣಿಯನ್ನು ಒದ್ದೆ ಮಾಡಿದ ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅಂಚಿಗೆ ಸರಿಸಿದರೆ ಹಿಂಡದೆ ಅಳೆಯಬಹುದು. ಸ್ಥಳದ ಅಕ್ಷಾಂಶ ರೇಖಾಂಶ, ಸಿಕ್ಕ ಆಳ, ದಿನಾಂಕ, ಹಿಂದಿನ ರಾತ್ರಿ ಮಳೆಯಿತ್ತೇ ಎಂಬುದನ್ನು ಬರೆದುಕೊಂಡು ಸಿಕ್ಕ ಜಾಗದಲ್ಲೇ ಹಸಿ ತರಗೆಲೆಯಡಿ ಬಿಡಬೇಕು.

ರಸ್ತೆಯಲ್ಲಿ ಅರೆದುಹೋದದ್ದು, ಗುದ್ದಲಿಗೆ ತುಂಡಾದದ್ದು ವ್ಯರ್ಥವಲ್ಲ. ಹತ್ತಿರದ ಸಂಗ್ರಹಾಲಯ ಅಥವಾ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗಕ್ಕೆ ಫೋಟೊ ಕಳಿಸಿ ಕೇಳಬಹುದು. ಅನುಮತಿ ಇರುವವರು ಬಂದು ಒಯ್ಯುತ್ತಾರೆ, ಅನುಮತಿ ಇಲ್ಲದೆ ಇಟ್ಟುಕೊಳ್ಳುವುದು ಹಲವು ದೇಶಗಳಲ್ಲಿ ಅಪರಾಧ. ಒಯ್ದವರು ಕ್ರಮ ತಪ್ಪಿಸಬಾರದು. ಮೊದಲು ಯಕೃತ್ತಿನ ಅಥವಾ ಸ್ನಾಯುವಿನ ಅಕ್ಕಿಕಾಳಿನಷ್ಟು ತುಣುಕನ್ನು ಶುದ್ಧ ಎಥನಾಲ್‌ಗೆ ಹಾಕಬೇಕು, ಆಮೇಲೆ ಇಡೀ ಮೈಯನ್ನು ನೇರವಾಗಿ ಚಾಚಿ ಫಾರ್ಮಲಿನ್‌ನಲ್ಲಿಡಬೇಕು. ಸುರುಳಿ ಸುತ್ತಿಕೊಂಡಂತೆಯೇ ಗಟ್ಟಿಯಾದರೆ ಉಂಗುರ ಎಣಿಸುವುದು ಕಷ್ಟ. ತುಣುಕು ತೆಗೆಯುವ ಮೊದಲೇ ಫಾರ್ಮಲಿನ್ ತಾಗಿದರೆ ಡಿಎನ್‌ಎ ಕೆಡುತ್ತದೆ. ಸಂಗ್ರಹಾಲಯಗಳ ಎಷ್ಟೋ ಹಳೆಯ ಮಾದರಿಗಳ ಗುರುತು ಇಂದಿಗೂ ಇತ್ಯರ್ಥವಾಗದೆ ಉಳಿಯಲು ಇದೂ ಒಂದು ಕಾರಣ.